ಬಸ್ಸಿಗೆ ರೇಸಿನ ದುಡ್ಡು ಬೇಡ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಿಂದ ನಮಸ್ಕಾರಗಳು.

ಸರ್ಕಾರಿ ಬಸ್ಸಿಗೆ ದುಡ್ಡು ಎಲ್ಲಿಂದ ತರುವುದು ಎಂಬ ಮಾತು ಬಂದಾಗ ಓದಿಕೊಂಡವರೇ ಒಂದು ಸಲಹೆ ಕೊಡುವುದನ್ನು ಕೇಳಿದ್ದೇನೆ. ಕುದುರೆ ರೇಸಿನ ಬೆಟ್ಟಿಂಗನ್ನು ಬೆಂಗಳೂರು, ಮೈಸೂರಿನ ಆಚೆಗೂ ಬೆಳೆಸಿ, ಜಿಲ್ಲಾ ಕೇಂದ್ರಗಳಲ್ಲಿ ಕೌಂಟರ್ ತೆರೆದು, ಬಂದ ತೆರಿಗೆಯನ್ನು ಸಾರಿಗೆಗೆ ಮೀಸಲಿಡಿ ಎನ್ನುತ್ತಾರೆ. ಆಡುವವರು ತಾವಾಗಿ ಆಡುತ್ತಾರೆ, ಯಾರ ಮೇಲೂ ಹೊರೆಯಿಲ್ಲ ಎಂಬುದು ಅವರ ವಾದ. ಅಂಥ ಕಡತ ನಿಮ್ಮ ಮುಂದೆ ಬಂದರೆ ದಯವಿಟ್ಟು ಸಹಿ ಹಾಕಬೇಡಿ. ಬಸ್ಸು ಬೇಕೆಂದು ಅರ್ಜಿ ಕೊಟ್ಟೂ ಕೊಟ್ಟೂ ಸಾಕಾದ ಊರಿನವಳಾಗಿಯೇ ಇದನ್ನು ಕೇಳುತ್ತಿದ್ದೇನೆ.

ನಮಗೆ ಬಸ್ಸು ಎಷ್ಟು ಬೇಕು ಎಂಬುದನ್ನು ಮೊದಲು ಹೇಳಬೇಕು. 1991ರಲ್ಲಿ ಇಲ್ಲಿನ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರೇ ಒಟ್ಟಾಗಿ ಸಂಘ ಕಟ್ಟಿ ಬಸ್ಸು ಓಡಿಸತೊಡಗಿದರು. ಅದೇ ಸಹಕಾರ ಸಾರಿಗೆ. ಡ್ರೈವರ್, ಕಂಡಕ್ಟರುಗಳೇ ಅದರ ಮಾಲೀಕರು. ಗಿರಾಕಿ ಕಡಿಮೆ, ರಸ್ತೆ ಸರಿಯಿಲ್ಲ ಎಂದು ಬೇರೆಯವರು ಒಲ್ಲೆನೆಂದ ಒಳಹಳ್ಳಿಗಳಿಗೂ ಆ ಬಸ್ಸು ಹೋಗುತ್ತಿತ್ತು. ಕಾಲೇಜಿನ ಮಕ್ಕಳು ರಿಯಾಯಿತಿ ಪಾಸಿನಲ್ಲಿ ಓದು ಮುಗಿಸಿದರು. ಖರ್ಚು ಏರುತ್ತ ಹೋಯಿತು, ಕಲೆಕ್ಷನ್ ಸಾಲದಾಯಿತು. 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ಕಾರ್ಮಿಕರು ಮೂರು ದಶಕದ ಹತ್ತಿರ ಬೆವರು ಹರಿಸಿ ನಡೆಸಿದ ಸಂಸ್ಥೆಯನ್ನು ಸರ್ಕಾರ ಉಳಿಸಿಕೊಳ್ಳಬೇಕಿತ್ತು ಎಂದು ನಾನು ಈಗಲೂ ನಂಬಿದ್ದೇನೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಅದರಿಂದ ರಾಜ್ಯದ ಎಷ್ಟೋ ಹೆಣ್ಣುಮಕ್ಕಳಿಗೆ ಅನುಕೂಲವಾಗಿದೆ, ನನಗೂ ಸಂತೋಷವಿದೆ. ಆದರೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ. ಮಲೆನಾಡಿನ ಎಷ್ಟೋ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು, ಅದೂ ಇಲ್ಲದ ಕಡೆ ಜೀಪು, ಆಟೋ. ತೋಟದ ಕೆಲಸಕ್ಕೆ ಹೋಗುವ ಹೆಂಗಸು ಅಂದಿನ ಸಂಬಳದಲ್ಲೇ ಟಿಕೆಟ್ಟಿಗೆ ತೆಗೆದಿಡಬೇಕು. ಹೀಗಾಗಿ ನಿಗಮಕ್ಕೆ ಹೆಚ್ಚು ಹಣ, ಹೆಚ್ಚು ಬಸ್ಸು ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ.

ಈಗ ರೇಸಿನ ಲೆಕ್ಕಕ್ಕೆ ಬನ್ನಿ. 2025ರ ಸೆಪ್ಟೆಂಬರ್ 22ರಿಂದ ಬೆಟ್ಟಿಂಗಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಅದರಲ್ಲಿ ಅರ್ಧ ಕೇಂದ್ರದ ಪಾಲು. ಇನ್ನೂ ಏರಿಸಿದರೆ ಆಡುವವರು ತೆರಿಗೆಯೇ ಇಲ್ಲದ ಕಳ್ಳ ಬುಕ್ಕಿಗಳ ಕಡೆ ಹೋಗುತ್ತಾರೆ. ಅಲ್ಲಿಗೆ ಉಳಿಯುವ ದಾರಿ ಒಂದೇ: ಹೆಚ್ಚು ಜನ, ಹೆಚ್ಚು ಸಲ, ಹೆಚ್ಚು ದುಡ್ಡು ಕಟ್ಟಬೇಕು. ಆ ಹೊಸ ಜನ ಯಾರು? ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲೋ ಹಾಸನದ ಸಂತೆ ಬೀದಿಯಲ್ಲೋ ಕೌಂಟರ್ ತೆರೆದರೆ ಅಲ್ಲಿ ನಿಲ್ಲುವವರು ಬಸ್ಸಿನಲ್ಲಿ ಓಡಾಡುವವರೇ. ಶನಿವಾರ ಬಟವಾಡೆಯಾದ ದುಡ್ಡು ಮನೆಗೆ ಮುಟ್ಟದಿದ್ದರೆ ಆ ಮನೆಯಾಕೆಗೆ ಟಿಕೆಟ್ ಉಚಿತವಾದರೂ ಏನು ಬಂತು?

ಕುದುರೆ ರೇಸು ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಇರಲಿ. ಇರುವ ರೇಸ್ ಕೋರ್ಸುಗಳನ್ನು ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಕುದುರೆ ನೋಡಿಕೊಂಡು ಬದುಕುವ ಕುಟುಂಬಗಳೂ ಇವೆ. ಆಟ ಕಾನೂನುಬದ್ಧವಾಗಿರುವುದು ಬೇರೆ, ಸರ್ಕಾರವೇ ಅದನ್ನು ಊರೂರಿಗೆ ಹಬ್ಬಿಸುವುದು ಬೇರೆ.

ನ್ಯೂಯಾರ್ಕ್ ನಗರ ಇದನ್ನು ಮಾಡಿ ನೋಡಿದೆ. ನಗರದ ಖಜಾನೆಗೆ ಆದಾಯ ತರಲೆಂದು 1971ರಲ್ಲಿ ರೇಸ್ ಕೋರ್ಸಿನ ಹೊರಗೆ, ಬೀದಿಗಳಲ್ಲಿ ಸರ್ಕಾರಿ ಬೆಟ್ಟಿಂಗ್ ಅಂಗಡಿಗಳನ್ನು ತೆರೆದರು. ಕೊನೆಗೆ ಆ ಸಂಸ್ಥೆಯೇ ದಿವಾಳಿಯಾಗಿ 2010ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅಂಥ ಆದಾಯವನ್ನು ನಂಬಿ ನಮ್ಮ ಕೊನೆ ಬಸ್ಸಿನ ವೇಳಾಪಟ್ಟಿ ಬರೆಯಲಾಗುತ್ತದೆಯೇ? ನಮ್ಮ ರಾಜ್ಯಕ್ಕೂ ಇದರ ಅನುಭವವಿದೆ. 2007ರಲ್ಲಿ, ಹಾಸನ ಜಿಲ್ಲೆಯವರೇ ಆದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಬರುವ ಆದಾಯವನ್ನು ಬಿಟ್ಟುಕೊಟ್ಟು ಲಾಟರಿ ನಿಷೇಧಿಸಲಾಯಿತು. ಆಮೇಲೆ ಬಂದ ಯಾವ ಪಕ್ಷದ ಸರ್ಕಾರವೂ ಅದನ್ನು ಮರಳಿ ತರಲಿಲ್ಲ.

ದುಡ್ಡು ಇಲ್ಲವೇ ಇಲ್ಲ ಎಂದೂ ಅಲ್ಲ. 2024ರ ಜೂನಿನಲ್ಲಿ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆಯನ್ನು ಶೇ 14.3ರಿಂದ ಶೇ 18.4ಕ್ಕೆ, 2025ರ ಏಪ್ರಿಲ್‌ನಿಂದ ಶೇ 21.17ಕ್ಕೆ ಏರಿಸಿದ್ದೀರಿ. ಈ ನಡುವೆ 2025ರ ಜನವರಿಯಲ್ಲಿ ಬಸ್ ದರವೂ ಶೇ 15ರಷ್ಟು ಏರಿತು. ನಿಗಮದ ಬಸ್ಸು ಕುಡಿಯುವುದೂ ತೆರಿಗೆ ಕಟ್ಟಿದ ಡೀಸೆಲ್ಲನ್ನೇ. ಒಂದು ಕೈಯಲ್ಲಿ ಬಸ್ಸಿನಿಂದ ತೆರಿಗೆ ವಸೂಲಿ ಮಾಡಿ, ಇನ್ನೊಂದು ಕೈಯಲ್ಲಿ ಅದೇ ಬಸ್ಸಿಗಾಗಿ ಜೂಜಿನ ದುಡ್ಡು ಹುಡುಕುವುದು ಯಾವ ನ್ಯಾಯ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸಾರಿಗೆ ನಿಗಮಗಳು ಡೀಸೆಲ್ ಮೇಲೆ ಕಟ್ಟುವ ರಾಜ್ಯ ತೆರಿಗೆಯನ್ನು ಅವುಗಳಿಗೇ ಹಿಂದಿರುಗಿಸಿ. ಶಕ್ತಿ ಯೋಜನೆಯ ಹಣ ಬಾಕಿ ಉಳಿಯದಂತೆ ಪ್ರತಿ ತಿಂಗಳು ಪಾವತಿಸಿ. ಹಾಗೆ ಉಳಿಯುವ ದುಡ್ಡಿನಲ್ಲಿ ಮೊದಲು ಸರ್ಕಾರಿ ಬಸ್ಸೇ ಕಾಣದ ರೂಟುಗಳಿಗೆ ಬಸ್ಸು ಕೊಡಿ. ಸಹಕಾರ ಸಾರಿಗೆ ಹೋಗುತ್ತಿದ್ದ ಹಳ್ಳಿಗಳ ಪಟ್ಟಿ ಬೇಕಿದ್ದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮುಂದಿನ ಬಜೆಟ್ಟಿಗೆ ಮುಂಚೆ ಮುಖ್ಯಮಂತ್ರಿಯವರೊಂದಿಗೆ ಈ ವಿಷಯ ಚರ್ಚಿಸಿ, ನಿಮ್ಮ ನಿಲುವನ್ನು ಬಹಿರಂಗವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ವಿಶ್ವಾಸದ,
ಕೊಪ್ಪ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕಿ