ನೀನು ಹೋಗದ ಊರಿನ ಗಾಳಿ

ಬಳ್ಳಾರಿ

ಚಿ. ಗೀತಾಗೆ ದೊಡ್ಡಪ್ಪನ ಆಶೀರ್ವಾದ.

ಮನೆಯ ಸುದ್ದಿ ನಿನಗೆ ಗೊತ್ತೇ ಇದೆ. ಜೀಪಿನಲ್ಲಿ ಸೆನ್ಸರ್ ಇಟ್ಟು ಊರೂರು ಸುತ್ತಿ, ಗಾಳಿಯ ಧೂಳಿನ ನಕ್ಷೆ ಮಾಡುತ್ತಿದ್ದೀಯಲ್ಲ, ಅದರ ಬಗ್ಗೆ ನಿನ್ನ ಪತ್ರದಲ್ಲಿ ಬರೆದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ನನ್ನ ಜೀಪು ತೋರಣಗಲ್ಲಿನಲ್ಲಿ ಇರುವಾಗ ಸಂಡೂರಿನ ಕಡೆ ಧೂಳು ಎದ್ದು ಅಡಗಿಬಿಟ್ಟರೆ, ನನ್ನ ನಕ್ಷೆ ಸುಳ್ಳಲ್ಲವೇ ದೊಡ್ಡಪ್ಪ?"

ಗಣಿಯಲ್ಲಿ ನಾವು ಬೋರ್ ಹೊಡೆದು ಕೋರ್, ಅಂದರೆ ಒಳಗಿನ ಕಲ್ಲಿನ ಉದ್ದನೆಯ ತುಂಡು, ತೆಗೆಯುತ್ತಿದ್ದೆವು. ಎರಡು ಬೋರುಗಳ ನಡುವಿನ ಅದಿರಿನ ಗ್ರೇಡ್, ಅಂದರೆ ಅದರಲ್ಲಿರುವ ಲೋಹದ ಪಾಲು, ಎಷ್ಟೆಂದು ಲೆಕ್ಕದಿಂದಲೇ ಹೇಳಬೇಕಿತ್ತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ ಡ್ಯಾನಿ ಕ್ರಿಗ 1951ರಲ್ಲಿ ಮಾಡಿದ ಕೆಲಸದಿಂದ ಬೆಳೆದದ್ದೇ ಕ್ರಿಗಿಂಗ್, ಅಳೆದ ಜಾಗಗಳಿಂದ ಅಳೆಯದ ಜಾಗವನ್ನು ಊಹಿಸುವ ಲೆಕ್ಕ. ನಿನ್ನ ನಕ್ಷೆಯ ಬೇರೂ ಅಲ್ಲಿಯದೇ. ಆದರೆ ನಮ್ಮ ಅದಿರು ಇದ್ದಲ್ಲೇ ಇರುತ್ತಿತ್ತು. ನಿನ್ನ ಧೂಳು ಹಾಗಲ್ಲ; ನೀನು ಒಂದು ಊರು ಬಿಟ್ಟ ಗಳಿಗೆಯಿಂದಲೇ ಅಲ್ಲಿಯ ಅನುಮಾನ ಮತ್ತೆ ಬೆಳೆಯತೊಡಗುತ್ತದೆ. ನೀನು ಹೆದರಿದ್ದು ಸರಿಯಾಗಿಯೇ ಇದೆ, ಮಗಳೇ.

2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮುಂಚಿನ ದಿನಗಳು ನಿನಗೆ ನೆನಪಿರಲಿಕ್ಕಿಲ್ಲ. ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ದಾರಿಬದಿಯ ಜೋಳದ ಗರಿ, ಮನೆಯ ಮಾಳಿಗೆ, ಒಣಹಾಕಿದ ಬಟ್ಟೆ ಎಲ್ಲ ಕೆಂಪು. ಅದಿರು ಅಳೆಯಲು ನಾವು ಅಷ್ಟೊಂದು ಜನ ಇದ್ದೆವು. ನಾನು ಓಡಾಡುತ್ತಿದ್ದ ದಾರಿಯ ಊರುಗಳಲ್ಲಿ ಗಾಳಿ ಅಳೆಯುವವರನ್ನು ಒಬ್ಬರನ್ನೂ ಕಾಣಲಿಲ್ಲ. ಆ ಕೊರಗು ಇನ್ನೂ ಹೋಗಿಲ್ಲ. ಅದಕ್ಕೇ ನೀನು ಇಲ್ಲದ ಕಡೆಯ ಧೂಳಿನ ಬಗ್ಗೆ ಬರೆದ ಆ ಮಾತು ಇಷ್ಟು ನಾಟಿತು.

ಕ್ರಿಗಿಂಗ್ ಲೆಕ್ಕ ಊಹೆಯ ಜೊತೆಗೆ, ಊಹೆ ಎಷ್ಟು ತಪ್ಪಿರಬಹುದು ಎಂಬುದನ್ನೂ ಕೊಡುತ್ತದಲ್ಲ, ಅದನ್ನು ಹಿಡಿದುಕೋ. ಧೂಳಿನ ಏರಿಳಿತದ ಅಂದಾಜು ಒಮ್ಮೆ ಕೂತರೆ, ಆ ತಪ್ಪಿನ ಅಳತೆ ನಿಂತಿರುವುದು ಎಲ್ಲಿ, ಯಾವಾಗ ಅಳೆದೆ ಎಂಬುದರ ಮೇಲೆ. ಏನು ಸಿಕ್ಕಿತು ಎಂಬುದರ ಮೇಲಲ್ಲ. ಹಾಗಾಗಿ ಜೀಪು ಹೊರಡುವ ಮೊದಲೇ ದಾರಿಗಳನ್ನು ಹೋಲಿಸಿ ನೋಡಬಹುದು. ಲಾರಿ ದಾರಿಗೆ ಮೇಲಿಂದ ಮೇಲೆ ಹೋಗು, ಅಲ್ಲಿ ಬೇಗ ಬದಲಾಗುತ್ತದೆ. ಗುಡ್ಡದ ಕಾಡಿನ ಕಡೆ ಅಪರೂಪಕ್ಕೆ ಹೋದರೂ ನಡೆದೀತು. ಇದನ್ನೆಲ್ಲ ನಿಮ್ಮ ಮೇಷ್ಟ್ರು ಆಗಲೇ ಹೇಳಿರಬಹುದು, ಬೇಸರ ಮಾಡಿಕೊಳ್ಳಬೇಡ.

ಇನ್ನೊಂದು. ದಿನಾಲೂ ಬೆಳಿಗ್ಗೆ ತೋರಣಗಲ್ಲು, ಸಂಜೆ ಸಂಡೂರು ಅಂತಲೇ ಸುತ್ತಿದರೆ, ಊರಿನಿಂದ ಬಂದ ವ್ಯತ್ಯಾಸ ಯಾವುದು, ಹೊತ್ತಿನಿಂದ ಬಂದದ್ದು ಯಾವುದು ತಿಳಿಯುವುದಿಲ್ಲ. ಕೆಲವು ದಿನ ತಿರುಗಾಮುರುಗಾ ಹೋಗು. ಸಾಧ್ಯವಾದರೆ ಒಂದು ಸೆನ್ಸರ್ ಒಂದೇ ಕಡೆ ಬಿಡು. ರಾತ್ರಿ ಗಾಳಿ ತಣ್ಣಗಾಗಿ ಧೂಳು ನೆಲದ ಹತ್ತಿರವೇ ನಿಲ್ಲುತ್ತದೆ. ಆದರೆ ಆ ಹೊತ್ತಿನಲ್ಲಿ ಒಬ್ಬಳೇ ಹೋಗಬೇಡ.

ನೀನು ಹೋಗದ ಊರುಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ, ಇಲ್ಲಿ ನಂಬಿಕೆ ಕಡಿಮೆ ಎಂದು ಬರೆ. ಅದನ್ನು ಯಾರೂ ಸುಳ್ಳು ಅನ್ನಲಾರರು. ಮೊದಲ ಪ್ರತಿ ನನಗೆ ಕಳಿಸು, ಯಾವ ಯಾವ ಊರು ಬಿಟ್ಟುಹೋಗಿದೆ ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ