ಮಿಂಗಲ್ಸ್‌ನ ಬಾಣಸಿಗರು ಮತ್ತು ಉಪ್ಪುನೀರಿನ ಜಾಡಿ

ಸಿಯೋಲ್

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಜಾಡಿಯ ವಿಷಯ ಬಂದಾಗ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು.

ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿದ ಮೇಲೆ ಯುರೋಪಿಗೆ ಹೋಗಲೋ, ನಮ್ಮ ಅಡುಗೆಯನ್ನೇ ಹಿಡಿಯಲೋ ಎಂದು ಕೇಳಿದ್ದೆಯಲ್ಲ, ಅದಕ್ಕೆ ದಕ್ಷಿಣ ಕೊರಿಯದ ಬಾಣಸಿಗ ಕಾಂಗ್ ಮಿನ್‌ಗೂ ಅವರು ನಡೆದ ದಾರಿಯನ್ನೇ ಬರೆಯುತ್ತೇನೆ. ಅವರು ಸ್ಪೇನಿನಲ್ಲಿ ಹೆಸರಾಂತ ಬಾಣಸಿಗ ಮಾರ್ಟಿನ್ ಬೆರಸಾಟೆಗಿ ಅವರ ಅಡುಗೆಮನೆಯಲ್ಲಿ ದುಡಿದರು, ಬಹಾಮಾಸ್‌ನ ನೋಬು ರೆಸ್ಟೋರೆಂಟಿನಲ್ಲಿ ಮುಖ್ಯ ಬಾಣಸಿಗರಾದರು. ಆಮೇಲೆ ಊರಿಗೆ ಮರಳಿ 2014ರಲ್ಲಿ ಸಿಯೋಲಿನಲ್ಲಿ ಮಿಂಗಲ್ಸ್ ರೆಸ್ಟೋರೆಂಟ್ ತೆರೆದರು. ರೆಸ್ಟೋರೆಂಟುಗಳಿಗೆ ಒಂದರಿಂದ ಮೂರು ತಾರೆ ಕೊಡುವ ಮಿಷೆಲಿನ್‌ನ ಮೊದಲ ಸಿಯೋಲ್ ಕೈಪಿಡಿಯಲ್ಲಿ, ಅಂದರೆ 2017ರದ್ದರಲ್ಲಿ, ಒಂದು ತಾರೆ, 2019ರದ್ದರಲ್ಲಿ ಎರಡು, 2025ರಲ್ಲಿ ಮೂರು.

ಇಷ್ಟನ್ನೇ ಓದಿದರೆ ಹೊರದೇಶದ ಕೈಚಳಕವೇ ಅವರನ್ನು ಮೇಲೆ ತಂದಿತು ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಹೆಸರು ಮಾಡಿದ ಮೇಲೂ ಅವರು ತಮ್ಮ ನಾಡಿನ ಅಡುಗೆಯನ್ನು ಶಿಷ್ಯನಂತೆ ಕೂತು ಕಲಿತರು. ಒಬ್ಬ ಗುರು ಹಿರಿಯ ಬಾಣಸಿಗರಾದ ಚೋ ಹೀ ಸುಕ್, ಇನ್ನೊಬ್ಬರು ಬೆಕ್‌ಯಾಂಗ್ಸಾ ಬೌದ್ಧ ಮಠದ ಭಿಕ್ಷುಣಿ ಜಂಗ್ ಗ್ವಾನ್. ಮಠದ ಅಡುಗೆಗೆ ಮೀನು, ಮಾಂಸ ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ, ಅಜ್ಜಿಯ ಮಡಿ ಅಡುಗೆಯಂತೆಯೇ. ಹಾಗಿದ್ದ ಮೇಲೆ ರುಚಿಯೆಲ್ಲ ಜಾಂಗ್‌ನಿಂದಲೇ ಬರಬೇಕು.

ಜಾಂಗ್ ಎಂದರೆ ಸೋಯಾ ಕಾಳನ್ನು ಹುದುಗಿಸಿ ಮಾಡುವ ವ್ಯಂಜನ. ಕಾಳನ್ನು ರಾತ್ರಿಯಿಡೀ ನೆನೆಸಿ, ಎರಡು ಬೆರಳಿನಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ತಟ್ಟುತ್ತಾರೆ. ಈ ಇಟ್ಟಿಗೆಗೆ ಕೊರಿಯನ್ ಭಾಷೆಯಲ್ಲಿ ‘ಮೇಜು’ ಎನ್ನುತ್ತಾರೆ. ಒಣಗಿಸಿ, ಭತ್ತದ ಹುಲ್ಲಿನಿಂದ ಕಟ್ಟಿ ತೂಗುಹಾಕುತ್ತಾರೆ. ಹುದುಗಿಸುವ ಸೂಕ್ಷ್ಮಜೀವಿ ಆ ಹುಲ್ಲಿನಲ್ಲೂ ಇರುತ್ತದೆ. ಇಟ್ಟಿಗೆ ತೀರಾ ದಪ್ಪವಾದರೆ ಅಥವಾ ನೀರು ಉಳಿದರೆ ಹೊರಗೆ ಒಣಗಿ ಒಳಗೆ ಕೊಳೆಯುತ್ತದೆ. ಚಳಿಗಾಲದ ಕೊನೆಗೆ ಮೇಜನ್ನು ತೊಳೆದು ಜಾಡಿಗಿಟ್ಟು ಉಪ್ಪುನೀರು ಸುರಿಯುತ್ತಾರೆ. ಲೆಕ್ಕ ಸುಮಾರು ನಾಲ್ಕೂವರೆ ಲೀಟರ್ ನೀರಿಗೆ ಒಂದು ಕಿಲೋ ಉಪ್ಪು. ತಕ್ಕಡಿ ಬೇಕಿಲ್ಲ: ಹಸಿ ಮೊಟ್ಟೆ ಬಿಟ್ಟರೆ ಅದು ತೇಲಿ, ಅದರ ನೆತ್ತಿ ಇಲ್ಲಿನ 500 ವೊನ್ ನಾಣ್ಯದಷ್ಟು (ಸುಮಾರು ಎರಡೂವರೆ ಸೆಂಟಿಮೀಟರ್) ಅಗಲ ಹೊರಗೆ ಕಾಣಬೇಕು. ಮೇಲೆ ಇದ್ದಿಲು, ಒಣಮೆಣಸಿನಕಾಯಿ ಹಾಕುತ್ತಾರೆ.

ನಲವತ್ತರಿಂದ ಅರವತ್ತು ದಿನಕ್ಕೆ ಸೋಸಿದರೆ ನೀರು ಗಂಜಾಂಗ್, ಉಳಿದ ಗಸಿ ದ್ವೆಂಜಾಂಗ್. ಗಸಿಯನ್ನು ಹಿಸುಕಿ, ಗಾಳಿ ನಿಲ್ಲದಂತೆ ಒತ್ತಿ ತುಂಬಿ, ಮೇಲೆ ಉಪ್ಪು ಉದುರಿಸಿ ಕಡಿಮೆಯೆಂದರೂ ಆರು ತಿಂಗಳು ಬಿಡಬೇಕು. ಬಿಸಿಲಿದ್ದಾಗ ಮುಚ್ಚಳ ತೆಗೆದು ಸಂಜೆಗೆ ಮುಚ್ಚುತ್ತಾರೆ. ಒಂದು ಮಳೆ ಒಳಗೆ ಬಿತ್ತೋ, ಉಪ್ಪು ತೆಳುವಾಗಿ ಬಿಳಿ ಬೂಷ್ಟು ಕಟ್ಟಿ ಹುಳಿ ತಿರುಗುತ್ತದೆ. ಉಪ್ಪಿನಕಾಯಿ ಭರಣಿಯ ಕಷ್ಟ ಅಮ್ಮನಿಗೆ ಬೇರೆ ಹೇಳಬೇಕೆ! ಜಾಂಗ್ ಮಾಡುವ ಈ ಪದ್ಧತಿಯನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊಸ ಅಡುಗೆಯವರು ಎಡವುವುದು ಒಂದು ಕಡೆ. ಹೀಗೆ ಮಾಡಿದ ಗಂಜಾಂಗ್ ಬಣ್ಣದಲ್ಲಿ ತಿಳಿ, ಉಪ್ಪಿನಲ್ಲಿ ಜೋರು; ಗೋಧಿ ಬೆರೆಸಿದ ಕಾರ್ಖಾನೆಯ ಸೋಯಾ ಸಾಸಿನ ಅಳತೆಯಲ್ಲೇ ಹಾಕಿದರೆ ಸಾರು ಬಾಯಿಗಿಡಲಾಗುವುದಿಲ್ಲ.

ಕಾಂಗ್ ಅವರ ಹೆಸರಾಂತ ಸಿಹಿ ಜಾಂಗ್ ಟ್ರಯೊದಲ್ಲಿ ದ್ವೆಂಜಾಂಗ್ ಬೆರೆಸಿದ ಕ್ರೆಮ್ ಬ್ರೂಲೆ (ಮೇಲೆ ಸಕ್ಕರೆ ಸುಟ್ಟ ಕಸ್ಟರ್ಡ್), ಗಂಜಾಂಗ್ ಹಚ್ಚಿದ ಪೆಕಾನ್ ಬೀಜ, ಮೆಣಸಿನಕಾಯಿಯ ಜಾಂಗ್ ಆದ ಗೋಚುಜಾಂಗ್‌ನ ಖಾರ ಹಿಡಿದ ಅರಳು, ಪಕ್ಕಕ್ಕೆ ವೆನಿಲ್ಲಾ ಐಸ್‌ಕ್ರೀಮ್ ಇರುತ್ತವೆ. ಸಾರಿಗೆ ಹಾಕುವುದನ್ನು ಸಿಹಿಗೆ ತಂದದ್ದು ಚಮತ್ಕಾರಕ್ಕಲ್ಲ. ದ್ವೆಂಜಾಂಗ್‌ನ ಉಪ್ಪು ಮತ್ತು ಹುದುಗಿದ ಕಾಳಿನ ಆಳವಾದ ರುಚಿ ಸುಟ್ಟ ಸಕ್ಕರೆಯ ಕಹಿಗೆ ಸರಿಯಾಗಿ ಕೂರುತ್ತವೆ. ಜಾಂಗ್ ಗೊತ್ತಿದ್ದವರಿಗಷ್ಟೇ ಹೊಳೆಯುವ ಜೋಡಿ ಅದು, ಸ್ಪೇನಿನಲ್ಲಿ ಯಾರೂ ಹೇಳಿಕೊಡಲಾರರು. ಹೋಗುವುದಾದರೆ ಹೋಗು, ಆದರೆ ಅದಕ್ಕೂ ಮೊದಲು ಅಮ್ಮನ ಹತ್ತಿರ ಒಂದು ವರ್ಷದ ಉಪ್ಪಿನಕಾಯಿ, ಸಂಡಿಗೆ, ಪುಡಿಗಳನ್ನೆಲ್ಲ ಅಳತೆ ಸಮೇತ ಬರೆದುಕೊ.

ಕಾಲೇಜಿನ ಅಡುಗೆಮನೆಯಲ್ಲಿ ಈ ದ್ವೆಂಜಾಂಗ್ ಕ್ರೆಮ್ ಬ್ರೂಲೆ ಮಾಡಿ ನೋಡು. ಇದು ಅವರ ಪಾಕವಲ್ಲ, ಸಾಧಾರಣ ಅಳತೆ: ಕ್ರೀಮ್ 400 ಮಿಲಿ, ಹಾಲು 100 ಮಿಲಿ, ಮೊಟ್ಟೆಯ ಹಳದಿ 5, ಸಕ್ಕರೆ 70 ಗ್ರಾಂ, ದ್ವೆಂಜಾಂಗ್ 15 ಗ್ರಾಂ. ಬೇರೆ ಉಪ್ಪು ಬೇಡವೇ ಬೇಡ. ದ್ವೆಂಜಾಂಗನ್ನು ಮೊದಲು ಸ್ವಲ್ಪ ಬಿಸಿ ಕ್ರೀಮಿನಲ್ಲಿ ಕದಡಿ ಸೋಸು, ಇಲ್ಲದಿದ್ದರೆ ಕಾಳಿನ ಚೂರು ನಾಲಿಗೆಗೆ ಸಿಗುತ್ತದೆ. ಹಳದಿಗೆ ಬಿಸಿ ಕ್ರೀಮನ್ನು ಒಮ್ಮೆಲೇ ಸುರಿದರೆ ಒಡೆಯುತ್ತದೆ, ಸಣ್ಣ ಧಾರೆಯಲ್ಲಿ ಹಾಕು. ಬಿಸಿನೀರಿನ ತಟ್ಟೆಯಲ್ಲಿಟ್ಟು 150 ಡಿಗ್ರಿಯಲ್ಲಿ ಬೇಯಿಸು. ಅಂಚು ಗಟ್ಟಿಯಾಗಿ ನಡುವೆ ಇನ್ನೂ ನಡುಗುತ್ತಿರುವಾಗಲೇ ತೆಗೆ. ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟು, ಬಡಿಸುವ ಹೊತ್ತಿಗೆ ಸಕ್ಕರೆ ಉದುರಿಸಿ ಸುಡು. ಮೊದಲೇ ಸುಟ್ಟಿಟ್ಟರೆ ಕರಗಿ ಪಾಕವಾಗುತ್ತದೆ.

ಸೋಯಾ, ಉಪ್ಪು, ನೀರು ಮೂರೇ ಇರುವ ದ್ವೆಂಜಾಂಗ್ ಅರ್ಧ ಕಿಲೋ, ಬರುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ಫ್ರಿಜ್ಜಿನಲ್ಲಿಡು, ಒದ್ದೆ ಚಮಚ ಹಾಕಬೇಡ.

ನಿನ್ನ ಅಕ್ಕ