ಆ ಮೇಜಿನಿಂದ ದೂರ ಕೂರಬೇಡ

ಬೆಟಗೇರಿ

ಪ್ರೀತಿಯ ಪುಟ್ಟಿ,

ಕರ್ತನ ನಾಮದಲ್ಲಿ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಬಂತು. ಹೊಸ ರೂಮಿನ ಸುದ್ದಿ, ಕೆಲಸದ ಸುದ್ದಿ ಓದಿ ಖುಷಿಯಾಯಿತು. ನೀನು ಮಾಂಸದ ಜೊತೆಗೆ ಹಾಲು ಮೊಸರನ್ನೂ ಬಿಟ್ಟ ಮೇಲೆ ಮನೆಯಲ್ಲಿ ಏನೇನು ಮಾತು ಆಯಿತು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ತೆಗೆಯುವುದಿಲ್ಲ. ಆದರೆ ಕೊನೆಯ ಪುಟದಲ್ಲಿ ಒಂದು ಮಾತು ಬರೆದಿದ್ದೀ. 'ಅತ್ತಿ, ದೇವರು ಕೊಟ್ಟಿದ್ದನ್ನೇ ಬೇಡ ಅಂದವಳು ನಾನು. ಆತನ ಮೇಜಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ? ಈಸ್ಟರ್ ಆದಮೇಲೆ ಪ್ರಭುಭೋಜನಕ್ಕೆ ಹೋಗಿಲ್ಲ.' ಇದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ.

ನೀನು ಏನು ತಿನ್ನುತ್ತೀ, ಏನು ಬಿಡುತ್ತೀ ಅನ್ನುವುದು ನನಗೆ ದೊಡ್ಡ ಚಿಂತೆಯಲ್ಲ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದು ಮುಂದೆ ಹೋದಾಗ ನೀನೊಬ್ಬಳೇ ಬೆಂಚಿನಲ್ಲಿ ಕೂತಿರುತ್ತೀ ಅಲ್ವಾ, ಅದು ಚಿಂತೆ.

ಬೈಬಲ್ ಸ್ಟಡಿಯಲ್ಲಿ ಹಿರಿಯರೊಬ್ಬರು ನಿನ್ನ ಮುಂದೆ ತಿಮೊಥೆಯನಿಗೆ ಅಪೊಸ್ತಲ ಪೌಲ ಬರೆದ ಮೊದಲನೇ ಪತ್ರ ಓದಿದರು ಅಂದಿದ್ದೀ. ನಾನೂ ತೆಗೆದು ಓದಿದೆ, 4ನೇ ಅಧ್ಯಾಯ. ಅಲ್ಲಿ ಪೌಲ ಯಾರ ಮೇಲೆ ಸಿಟ್ಟಾಗಿದ್ದಾನೆ ನೋಡು. ಮದುವೆ ಆಗಬೇಡಿ, ಇಂಥಿಂಥದ್ದು ತಿನ್ನಬೇಡಿ ಅಂತ ಮಂದಿಗೆ ಅಪ್ಪಣೆ ಮಾಡುವವರ ಮೇಲೆ. ದೇವರು ಉಂಟುಮಾಡಿದ್ದನ್ನು ಹೊಲಸು ಅನ್ನುವವರ ಮೇಲೆ. ನೀನು ಯಾರಿಗೆ ಅಪ್ಪಣೆ ಮಾಡಿದ್ದೀ? ನಿನಗೆ ಆ ಪ್ರಾಣಿಗಳ ಮೇಲೆ ಮರುಕ ಬಂತು, ನಿನ್ನ ತಾಟಿನಿಂದ ತೆಗೆದಿಟ್ಟೆ. ನಮ್ಮ ತಾಟಿಗೆ ಕೈ ಹಾಕಿಲ್ಲ. ಹೊಲಸು ಅಂತ ಬಿಡುವುದು ಬೇರೆ, ಮರುಕಕ್ಕೆ ಬಿಡುವುದು ಬೇರೆ. ನಿನ್ನದು ಯಾವುದು ಅಂತ ನೀನೇ ಕೂತು ವಿಚಾರ ಮಾಡು. ನನಗಂತೂ ಉತ್ತರ ಗೊತ್ತು. ಸಣ್ಣವಳಿದ್ದಾಗ ಸುಗ್ಗಿ ಹಬ್ಬದ ಲಿಲಾವಿನಲ್ಲಿ ಕಾಲು ಕಟ್ಟಿದ ಕೋಳಿಯನ್ನು ನೋಡಿ, ಅದನ್ನು ಬಿಡಿಸಿ ಅಂತ ಅಳುತ್ತಿದ್ದವಳು ನೀನು.

'ನಂಬಿಕೆಯಲ್ಲಿ ಬಲಹೀನರು ಕಾಯಿಪಲ್ಯ ತಿನ್ನುತ್ತಾರೆ' ಅಂತಲೂ ಅವರು ಅಂದರಂತೆ. ಅದು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ. ಹೌದು, ಹಾಗೆ ಬರೆದಿದೆ. ಆದರೆ ಅದರ ಮುಂದಿನ ವಚನವನ್ನು ಅವರು ಯಾಕೆ ಓದಲಿಲ್ಲ? ತಿನ್ನುವವನು ತಿನ್ನದವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಅಂತ ಅಲ್ಲೇ ಇದೆ. ದೇವರ ರಾಜ್ಯ ತಿನ್ನುವುದರಲ್ಲಿ ಕುಡಿಯುವುದರಲ್ಲಿ ಇಲ್ಲ ಅಂತ ಅದೇ ಅಧ್ಯಾಯದಲ್ಲಿ 17ನೇ ವಚನ. ಕೊರಿಂಥದವರಿಗಂತೂ ಪೌಲ ಇನ್ನೂ ಬಿಡಿಸಿ ಹೇಳಿದ. ಆಹಾರ ನಮ್ಮನ್ನು ದೇವರ ಹತ್ತಿರ ತರುವುದಿಲ್ಲ. ತಿನ್ನದಿದ್ದರೆ ಲುಕ್ಸಾನಿಲ್ಲ, ತಿಂದರೆ ಹೆಚ್ಚಳವಿಲ್ಲ. ಅಷ್ಟು ಹೇಳಿ, ನನ್ನ ಊಟದಿಂದ ನನ್ನ ತಮ್ಮ ಎಡವುವುದಾದರೆ ನಾನು ಇನ್ನು ಯಾವತ್ತೂ ಮಾಂಸ ತಿನ್ನುವುದಿಲ್ಲ ಅಂದ. ಇಷ್ಟು ಮಾತು ಬರೆದಿಟ್ಟಿರುವಾಗ ನಿನ್ನನ್ನು ಮೇಜಿನಿಂದ ಎಬ್ಬಿಸುವ ಅಧಿಕಾರ ಯಾರಿಗಿದೆ?

ಒಂದು ಮಾತು ಮಾತ್ರ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡ. ಯೇಸುಸ್ವಾಮಿಯೂ ನಿಮ್ಮ ಹಾಗೆ ಮಾಂಸ, ಹಾಲು ಯಾವುದೂ ಮುಟ್ಟದ ವೀಗನ್ ಆಗಿದ್ದ ಅಂತ ನಿನ್ನ ಗೆಳತಿ ಹೇಳಿದ್ದನ್ನು ಬರೆದಿದ್ದೀ. ಆ ಮಾತನ್ನು ಹಿಡಿದುಕೊಂಡು ನಿಲ್ಲಬೇಡ. ಸತ್ತವನು ಎದ್ದು ಬಂದ ಮೇಲೆ ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿಂದ ಅಂತ ಲೂಕ ಬರೆದಿದ್ದಾನೆ. ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು, ಬಂದು ಊಟ ಮಾಡಿರಿ ಅಂತ ಕರೆದವನೂ ಆತನೇ. ತಪ್ಪಿಹೋದ ಮಗ ಮನೆಗೆ ಬಂದಾಗ ಅಪ್ಪ ಕೊಬ್ಬಿದ ಕರು ಕೊಯ್ಯಿಸಿದ ಕಥೆ ಹೇಳಿದವನೂ ಆತನೇ. ಇದನ್ನು ಮುಚ್ಚಿಡುವುದು ಯಾಕೆ? ಮುಚ್ಚಿಡದೆಯೂ ನಿನಗೆ ನಿಲ್ಲಲು ಜಾಗ ಇದೆ. ಆದಿಕಾಂಡದ ಮೊದಲನೇ ಅಧ್ಯಾಯದಲ್ಲಿ ಮನುಷ್ಯನಿಗೆ ಆಹಾರ ಅಂತ ಕೊಟ್ಟದ್ದು ಕಾಳು ಮತ್ತು ಹಣ್ಣು. ಮಾಂಸಕ್ಕೆ ಅಪ್ಪಣೆ ಸಿಕ್ಕಿದ್ದು ಜಲಪ್ರಳಯ ಆದಮೇಲೆ, ನೋಹನ ಕಾಲಕ್ಕೆ, 9ನೇ ಅಧ್ಯಾಯದಲ್ಲಿ. ಅಲ್ಲೂ ರಕ್ತ ಮುಟ್ಟಬೇಡ ಅಂತ ಕಟ್ಟು ಹಾಕಿ ಕೊಟ್ಟ. ಅಪ್ಪಣೆ ಕೊಟ್ಟ, ತಿನ್ನಲೇಬೇಕು ಅಂತ ಎಲ್ಲಿ ಹೇಳಿದ? ಇನ್ನು ಪ್ರವಾದಿ ಯೆಶಾಯ ಕಂಡ ಬರುವ ಕಾಲದಲ್ಲಿ ಸಿಂಹವೂ ಎತ್ತಿನ ಹಾಗೆ ಹುಲ್ಲು ಮೇಯುತ್ತದೆ. ಮೊದಲೂ ಹಾಗೆ, ಕೊನೆಗೂ ಹಾಗೆ. ನಡುವಿನ ಈ ಕಾಲದಲ್ಲಿ ನಾವು ಕೆಲವರು ತಿನ್ನುತ್ತೇವೆ, ನೀನು ಬಿಟ್ಟಿದ್ದೀ. ನಿನೆವೆ ಪಟ್ಟಣವನ್ನು ಉಳಿಸಿದಾಗ ದೇವರು ಯೋನನಿಗೆ ಕೊನೆಯಲ್ಲಿ ಏನಂದ ನೆನಪಿದೆಯಾ? ಅಷ್ಟೊಂದು ಜನ ಇದ್ದಾರೆ, ಅಷ್ಟೊಂದು ದನಕರು ಇವೆ, ನಾನು ಕನಿಕರಪಡಬಾರದಾ ಅಂದ. ನಿನ್ನ ಕನಿಕರ ಎಲ್ಲಿಂದಲೋ ಬಂದದ್ದಲ್ಲ ಪುಟ್ಟಿ.

ನಿನ್ನ ಅಪ್ಪನಿಗೂ ನನಗೂ ಫೀ ಕಟ್ಟಿದ್ದು ಎಮ್ಮೆ. ಅಜ್ಜನ ಮಗ್ಗದ ದುಡ್ಡು ಸಾಲುತ್ತಿರಲಿಲ್ಲ, ಅವ್ವ ಹಾಲು ಹಾಕಿ ನಮ್ಮನ್ನು ಓದಿಸಿದಳು. ಒಂದು ಮಳೆಗಾಲ ಆ ಎಮ್ಮೆಯ ಕರು ಸತ್ತಿತು. ಎಮ್ಮೆ ಹಾಲು ಇಳಿಸಲಿಲ್ಲ. ಅವ್ವ ಯಾರನ್ನೋ ಕರೆಸಿ ಕರುವಿನ ತೊಗಲು ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿಸಿ ಹೊಲಿಸಿದಳು. ಬೆಳಗ್ಗೆ ಅದನ್ನು ಎಮ್ಮೆಯ ಮುಂದೆ ಇಟ್ಟು, ಮೇಲೆ ಉಪ್ಪಿನ ನೀರು ಚಿಮುಕಿಸುತ್ತಿದ್ದಳು. ಎಮ್ಮೆ ಆ ತೊಗಲನ್ನು ನೆಕ್ಕುತ್ತಾ ನಿಲ್ಲುತ್ತಿತ್ತು. ಒಂದು ಕಡೆ ಹೊಲಿಗೆ ಬಿಚ್ಚಿ ಹುಲ್ಲು ಹೊರಗೆ ಬಂದಿತ್ತು, ಅದನ್ನೂ ನೆಕ್ಕುತ್ತಿತ್ತು. ಅವ್ವ ಹಾಲು ಹಿಂಡುವಾಗ ಎಮ್ಮೆಯ ಮುಖ ನೋಡುತ್ತಿರಲಿಲ್ಲ. ನಾನು ಆ ಹಾಲು ಕುಡಿದೆ, ಆ ದುಡ್ಡಿನಲ್ಲಿ ಟೀಚರ್ ಆದೆ. ಅವ್ವ ಮಾಡಿದ್ದು ತಪ್ಪು ಅಂತ ನನ್ನ ಬಾಯಿಯಿಂದ ಬರುವುದಿಲ್ಲ. ಆದರೆ ನೀನು ಹಾಲು ಬಿಟ್ಟೆ ಅಂತ ಕೇಳಿದ ದಿನ ನನಗೆ ನೆನಪಾಗಿದ್ದು ಆ ಎಮ್ಮೆ. ಇದನ್ನು ನಿನ್ನ ಅಪ್ಪನ ಮುಂದೆ ಹೇಳಿಲ್ಲ, ನಿನಗೇ ಬರೆಯುತ್ತಿದ್ದೇನೆ.

ಆ ಹಿರಿಯರ ಮೇಲೂ ಜಾಸ್ತಿ ಸಿಟ್ಟು ಇಟ್ಟುಕೊಳ್ಳಬೇಡ. ನಮ್ಮ ಕಡೆ ಮಾಂಸ ತಿನ್ನುವುದಿಲ್ಲ ಅನ್ನುವ ಮಾತಿಗೆ ಇನ್ನೊಂದು ತೂಕ ಇದೆ. ನನಗೆ ಹೊಸದಾಗಿ ನೌಕರಿ ಸಿಕ್ಕಾಗ ಧಾರವಾಡದಲ್ಲಿ ಮನೆ ಹುಡುಕುತ್ತಾ ತಿರುಗಿದೆ. ಹೆಸರು ಕೇಳಿದ ಮೇಲೆ ಎರಡನೆಯ ಪ್ರಶ್ನೆ, 'ನೀವು ಏನು ತಿನ್ನುತ್ತೀರಿ?' ಅಂತ. ಆಮೇಲೆ ಮನೆ ಖಾಲಿ ಇಲ್ಲ. ನೀರು ಕೊಟ್ಟ ಲೋಟವನ್ನು ನಮ್ಮ ಕಣ್ಣೆದುರಿಗೇ ಬೇರೆ ಇಟ್ಟವರೂ ಇದ್ದರು. ಹೀಗೆ ಬಾಳಿದವರ ಮುಂದೆ ನಮ್ಮದೇ ಹುಡುಗಿ ಒಬ್ಬಳು ತಾಟು ಸರಿಸಿ 'ನಾನು ತಿನ್ನುವುದಿಲ್ಲ' ಅಂದರೆ, ಅವರಿಗೆ ಆ ಹಳೆಯ ಬಾಗಿಲು ಮುಚ್ಚಿದ ಸದ್ದೇ ಕೇಳಿಸುತ್ತದೆ. ನೀನು ಹಾಗೆ ಅಂದಿಲ್ಲ, ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಮೊದಲು ಅವರ ಪಕ್ಕದಲ್ಲಿ ಕೂತು ಉಣ್ಣು. ತಾಟಿನಲ್ಲಿ ಏನಿದೆ ಅನ್ನುವುದು ಆಮೇಲೆ.

ಈ ಸಲಹೆ ಸರಿಯೋ ಇಲ್ಲವೋ. ನೀನು ಬೇಡ ಅಂದರೆ ಬಿಡು.

ನನಗೆ ಯಾಕೆ ಇಷ್ಟು ಹೆದರಿಕೆ ಅಂತ ನೀನು ಕೇಳಬಹುದು. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಚರ್ಚಿನ ಸಭೆಗೆ ಒಬ್ಬಳು ಬಂದಳು, ನನ್ನ ಓರಗೆಯವಳೇ. ಮಾಂಸ ಮುಟ್ಟದ ಮನೆಯಿಂದ ಬಂದವಳು, ಮನೆಯವರನ್ನು ಎದುರು ಹಾಕಿಕೊಂಡು ದೀಕ್ಷಾಸ್ನಾನ ತೆಗೆದುಕೊಂಡಳು. ಎಷ್ಟು ಚಂದ ಹಾಡುತ್ತಿದ್ದಳು! ಆ ವರ್ಷದ ಕ್ರಿಸ್ಮಸ್ ಪ್ರೀತಿ ಭೋಜನದಲ್ಲಿ ಯಾರೋ ಅವಳ ಎಲೆಗೆ ಮಟನ್ ಬಡಿಸಿ, 'ಇದನ್ನು ತಿನ್ನು, ಆಗ ನೀನು ಪೂರಾ ನಮ್ಮವಳು' ಅಂದರು. ಪ್ರೀತಿಯಿಂದಲೇ ಅಂದರು. ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಅವಳು ತಿಂದಳು. ಸ್ವಲ್ಪ ಹೊತ್ತಿಗೆ ಎದ್ದು ಚರ್ಚಿನ ಹಿಂದೆ ಹೋಗಿ ವಾಂತಿ ಮಾಡಿದಳು. ನಾನು ನೀರು ತೆಗೆದುಕೊಂಡು ಹೋದೆ. ಬಾಯಿ ತೊಳೆದು, ಸೆರಗಿನಿಂದ ಒರೆಸಿಕೊಂಡು, ಯಾರಿಗೂ ಹೇಳಬೇಡ ಅಂದಳು. ಆಮೇಲೆ ಒಂದು ಭಾನುವಾರ ಬಂದರೆ ಎರಡು ಭಾನುವಾರ ಇಲ್ಲ. ಕೊನೆಗೆ ಬರುವುದೇ ನಿಂತುಹೋಯಿತು. ಅತ್ತ ಮನೆಯೂ ಇಲ್ಲ, ಇತ್ತ ಸಭೆಯೂ ಇಲ್ಲ. ಎಲ್ಲಿ ಹೋದಳೋ, ಏನಾದಳೋ. ನಾವು ಯಾರೂ ಅವಳ ಮನೆ ಬಾಗಿಲು ತಟ್ಟಲಿಲ್ಲ. ಆ ಕೊರಗು ನನಗೆ ಇವತ್ತಿಗೂ ಹೋಗಿಲ್ಲ. ಅದಕ್ಕೇ ನಿನ್ನ ಆ ಮಾತು ಓದಿದಾಗ ಕೈ ನಡುಗಿತು.

ಆ ಮೇಜಿನ ಮೇಲೆ ಏನಿರುತ್ತದೆ ಅಂತ ಒಮ್ಮೆ ಯೋಚಿಸು. ರೊಟ್ಟಿ, ದ್ರಾಕ್ಷಾರಸ. ಪಸ್ಕ ಹಬ್ಬಕ್ಕೆ ಕುರಿ ಕೊಯ್ದು ಆ ರಾತ್ರಿ ಉಣ್ಣುವುದು ಆಗ ಯೆಹೂದ್ಯರ ವಾಡಿಕೆಯಾಗಿತ್ತು. ಅಂಥ ರಾತ್ರಿಯಲ್ಲಿ ಸ್ವಾಮಿ ತನ್ನ ನೆನಪಿಗೆ ಅಂತ ನಮಗೆ ಬಿಟ್ಟುಹೋದದ್ದು ಗೋದಿಯದು ಒಂದು, ಬಳ್ಳಿಯದು ಒಂದು. ಹೋರಿಗಳ, ಹೋತಗಳ ರಕ್ತದಿಂದ ಪಾಪ ಹೋಗುವುದಿಲ್ಲ ಅಂತ ಇಬ್ರಿಯರಿಗೆ ಬರೆದ ಪತ್ರದಲ್ಲಿದೆ. ಆತನು ಒಂದೇ ಸಾರಿ ತನ್ನನ್ನು ಕೊಟ್ಟ, ಬಲಿ ಅಲ್ಲಿಗೆ ಮುಗಿಯಿತು. ಯಾವ ಪ್ರಾಣಿಯನ್ನೂ ಕೊಯ್ಯದ ಆ ಒಂದು ಮೇಜಿನಿಂದ, ಪ್ರಾಣಿಗಳನ್ನು ಕೊಯ್ಯಬಾರದು ಅನ್ನುವ ನೀನು ದೂರ ಕೂತಿದ್ದೀಯಲ್ಲ! ಇದನ್ನು ನೆನೆದರೆ ನನಗೆ ಅಳು ಬರುತ್ತದೆ.

ನಿನ್ನಂಥವರು ಸಭೆಯಲ್ಲಿ ಹೊಸಬರೂ ಅಲ್ಲ. ಇಲ್ಲಿ ಆಸ್ಪತ್ರೆಯಲ್ಲಿ ಕೇರಳದ ಸಿರಿಯನ್ ಸಭೆಯ ನರ್ಸ್ ಒಬ್ಬರು ಇದ್ದರು. ಈಸ್ಟರ್‌ಗೆ ಮುಂಚೆ 50 ದಿನದ ನೋಂಬು ಹಿಡಿಯುತ್ತಿದ್ದರು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಕರಿ ಚಹಾ ಕುಡಿದು ರಾತ್ರಿ ಪಾಳಿ ಮಾಡುತ್ತಿದ್ದರು. ಇಥಿಯೋಪಿಯದ ಹಳೆಯ ಸಭೆಯವರು ಈಸ್ಟರ್‌ಗೆ ಮುಂಚೆ 55 ದಿನ ಹಾಗೆ ಇರುತ್ತಾರೆ, ಅದಲ್ಲದೆ ಬುಧವಾರ ಶುಕ್ರವಾರವೂ ಹಾಗೆಯೇ. ವೀಗನ್ ಅನ್ನುವ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಈ ಊಟ ಅದಕ್ಕಿಂತ ಎಷ್ಟೋ ಹಳೆಯದು. ಅವರದು ಉಪವಾಸ, ನಿನ್ನದು ವರ್ಷವಿಡೀ, ಅಷ್ಟು ಫರಕು ಇದೆ, ಒಪ್ಪುತ್ತೇನೆ. ಆದರೆ ಹಾಲು ಬಿಟ್ಟ ಬಾಯಿಗೆ ಪ್ರಭುಭೋಜನ ಇಲ್ಲ ಅಂತ ಅವರಿಗೆ ಯಾರೂ ಹೇಳಲಿಲ್ಲ.

ಹೇಳಬೇಕಾದ ಸಣ್ಣಪುಟ್ಟ ಮಾತು ಇನ್ನೂ ಇವೆ. ವಿಟಮಿನ್ ಬಿ12 ಕಾಯಿಪಲ್ಯದಲ್ಲಿ, ಕಾಳಿನಲ್ಲಿ ಸಿಗುವುದಿಲ್ಲ. ಡಾಕ್ಟರನ್ನು ಕೇಳಿ ಗುಳಿಗೆ ತೆಗೆದುಕೋ, ಅಲಕ್ಷ್ಯ ಮಾಡಬೇಡ, ಅದು ಕಡಿಮೆಯಾದರೆ ನರಕ್ಕೆ ಪೆಟ್ಟು. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮೂರೂ ಡಬ್ಬಿಗೆ ಹಾಕಿ ಕಳಿಸುತ್ತೇನೆ. ಪ್ರೀತಿ ಭೋಜನಕ್ಕೆ ಹೋಗುವಾಗ ನಿನ್ನ ಕೈಯಿಂದ ಏನಾದರೂ ಮಾಡಿಕೊಂಡು ಹೋಗು, ಎಣ್ಣೆಗಾಯಿಯೋ, ಮಡಕಿಕಾಳಿನ ಉಸುಳಿಯೋ, ಎಲ್ಲರಿಗೂ ಸಾಲುವಷ್ಟು. ಬೇರೆಯವರು ಉಣ್ಣುವಾಗ ಕಸಾಯಿಖಾನೆಯ ಮಾತು ತೆಗೆಯಬೇಡ. ನಿನ್ನ ಅವ್ವ ಈಗಲೂ ನಿನಗೆ ಅಂತ ಬೆಣ್ಣೆ ತೆಗೆದಿಡುತ್ತಾಳೆ. ಅದಕ್ಕೆ ಸುಮ್ನೆ ವಾದ ಮಾಡಬೇಡ, ಅಪ್ಪನಿಗೆ ಕೊಡು ಅಂದರೆ ಸಾಕು. ಇದೆಲ್ಲ ನಿನಗೆ ಹೊಳೆಯದ್ದೇನಲ್ಲ. ವಯಸ್ಸಾದವಳು, ಹೇಳಿದರೇ ಸಮಾಧಾನ.

ನಿಮ್ಮ ಸಭಾಪಾಲಕರ ಹತ್ತಿರ ಒಮ್ಮೆ ಒಬ್ಬಳೇ ಹೋಗಿ ಮಾತಾಡು. ನನಗೆ ಬರೆದಷ್ಟೇ ಅವರಿಗೂ ಹೇಳು. ಒಂದು ವೇಳೆ ಅವರೂ ಆ ಹಿರಿಯರ ಹಾಗೆಯೇ ಅಂದರೆ ನನಗೆ ಫೋನ್ ಮಾಡು, ನಾನೇ ಬೆಂಗಳೂರಿಗೆ ಬರುತ್ತೇನೆ. ಮಂಡಿನೋವು ಇದ್ದರೂ ಬರುತ್ತೇನೆ. ಆ ಭಾನುವಾರ ನಿನ್ನ ಕೈ ಹಿಡಿದು ನಾನೇ ಮುಂದೆ ಕರೆದುಕೊಂಡು ಹೋಗುತ್ತೇನೆ.

ಮುಂದಿನ ಪತ್ರದಲ್ಲಿ ಬೇರೆ ಸುದ್ದಿ ಕಡಿಮೆ ಬರೆದರೂ ನಡೆಯುತ್ತದೆ. ಪ್ರಭುಭೋಜನಕ್ಕೆ ಹೋದೆಯೋ ಇಲ್ಲವೋ, ಅದನ್ನು ಮೊದಲು ಬರೆ. ಡಿಸೆಂಬರ್‌ನಲ್ಲಿ ಯಾವ ತಾರೀಖಿಗೆ ಬರುತ್ತೀ ಅಂತಲೂ ತಿಳಿಸು. ಈ ಸಲ ಕರ್ಚಿಕಾಯಿಯನ್ನು ತುಪ್ಪ ಮುಟ್ಟಿಸದೆ, ಶೇಂಗಾ ಎಣ್ಣೆಯಲ್ಲೇ ಕರಿಯುತ್ತೇನೆ.

ನಿನ್ನ
ಅತ್ತಿ